ಗುಂಯ್ ಅಂದು ನಿಂತ ಎಕ್ಸಾಸ್ಟ್ ಫ್ಯಾನ್: ನಾನೇ ಬಿಚ್ಚಿ ಸರಿಮಾಡಿದ ಬಗೆ

ಬಾತ್‌ರೂಮಿನ ಎಕ್ಸಾಸ್ಟ್ ಫ್ಯಾನ್ ಇದ್ದಕ್ಕಿದ್ದಂತೆ ಕೆಡುವುದು ಅಪರೂಪ. ಕೆಡುವ ಮೊದಲು ಅದರ ಸದ್ದು ಬದಲಾಗುತ್ತದೆ. ನಮ್ಮ ಮನೆಯದ್ದೂ ಹಾಗೇ ಆಯಿತು. ಮೊದಮೊದಲು ಬೆಳಗ್ಗೆ ಸ್ವಿಚ್ ಹಾಕಿದಾಗ ಕಿರ್ ಅನ್ನುತ್ತಿತ್ತು, ಸ್ವಲ್ಪ ಹೊತ್ತಿಗೆ ಸರಿಹೋಗುತ್ತಿತ್ತು. ಬರಬರುತ್ತಾ ತಿರುಗಲು ಶುರುಮಾಡುವುದಕ್ಕೇ ತಡ ಮಾಡತೊಡಗಿತು. ಕೊನೆಗೆ ಒಂದು ಬೆಳಗ್ಗೆ ಬರೀ ಗುಂಯ್ ಅನ್ನುವ ಸದ್ದು. ರೆಕ್ಕೆ ಅಲುಗಲೇ ಇಲ್ಲ.

ಹೀಗೆ ಗುಂಯ್ ಅನ್ನುತ್ತಾ ನಿಂತ ಫ್ಯಾನನ್ನು ತಕ್ಷಣ ಆಫ್ ಮಾಡಿ. "ಸ್ವಲ್ಪ ಹೊತ್ತು ಬಿಟ್ಟರೆ ತಾನೇ ತಿರುಗುತ್ತೆ" ಅಂತ ಕಾಯುವವರು ತುಂಬಾ ಜನ. ತಿರುಗದೆ ನಿಂತ ಮೋಟಾರು ಓಡುವ ಮೋಟಾರಿಗಿಂತ ಜಾಸ್ತಿ ಕರೆಂಟ್ ಎಳೆಯುತ್ತದೆ. ರೆಕ್ಕೆ ತಿರುಗದ್ದರಿಂದ ಅದನ್ನು ತಣ್ಣಗೆ ಮಾಡುವ ಗಾಳಿಯೂ ಇಲ್ಲ. ಎಲ್ಲಾ ಬಿಸಿಯಾಗಿ ವೈಂಡಿಂಗಿನಲ್ಲೇ, ಅಂದರೆ ಮೋಟಾರಿನೊಳಗಿನ ತಂತಿಯ ಸುರುಳಿಯಲ್ಲೇ ಉಳಿಯುತ್ತದೆ. ಎಣ್ಣೆ ಹಾಕಿದರೆ ಸರಿಹೋಗುತ್ತಿದ್ದ ಫ್ಯಾನು ಹೀಗೆ ಕಾಯುವುದರಲ್ಲೇ ಸುಟ್ಟುಹೋಗುತ್ತದೆ. ಇದಕ್ಕೊಂದು ಉದಾಹರಣೆ ಅಕ್ಕನ ಮನೆಯಲ್ಲಿ ಸಿಕ್ಕಿತು, ಅದನ್ನು ಮುಂದೆ ಹೇಳುತ್ತೇನೆ.

ಬಿಚ್ಚುವ ಮೊದಲು ನಾನು ನೋಡುವುದು ಒಂದೇ: ಫ್ಯಾನು ಸದ್ದು ಮಾಡುತ್ತಿದೆಯಾ, ಇಲ್ಲವಾ? ಗುಂಯ್ ಅನ್ನುತ್ತಿದ್ದರೆ ಕರೆಂಟ್ ಮೋಟಾರಿನವರೆಗೂ ಬಂದಿದೆ, ವೈಂಡಿಂಗಿನಲ್ಲೂ ಹರಿಯುತ್ತಿದೆ. ಅಂದಮೇಲೆ ಸ್ವಿಚ್ಚು, ವೈರು, ಎಂಸಿಬಿ (ಮೀಟರ್ ಬೋರ್ಡಿನ ಟ್ರಿಪ್ ಸ್ವಿಚ್ಚು) ಇವುಗಳ ಮೇಲೆ ಅನುಮಾನ ಬೇಡ. ತೊಂದರೆ ಇರುವುದು ತಿರುಗುವ ಕಡೆ, ಇಲ್ಲವೇ ತಿರುಗಲು ಮೊದಲ ತಳ್ಳು ಕೊಡುವ ಕೆಪಾಸಿಟರಿನಲ್ಲಿ. ಸದ್ದೇ ಇಲ್ಲದಿದ್ದರೆ ದಾರಿ ಬೇರೆ. ಆಗ ಸ್ವಿಚ್ಚಿನಿಂದ ಶುರುಮಾಡಿ ಒಂದೊಂದೇ ಜಾಗ ನೋಡುತ್ತಾ ಮೋಟಾರಿನ ಕಡೆ ಹೋಗಬೇಕು. ಈ ಒಂದು ಪ್ರಶ್ನೆಗೆ ಉತ್ತರ ಸಿಕ್ಕರೆ ಅರ್ಧ ಕೆಲಸ ಮುಗಿದ ಹಾಗೆ.

ನಮ್ಮದು ಸದ್ದು ಮಾಡುತ್ತಿತ್ತು. ಹಾಗಾಗಿ ಜಾಲರಿ ತೆಗೆಯದೆ, ಅದರ ಸಂದಿಯಿಂದ ಒಣಗಿದ ತೆಳು ಬಿದಿರಿನ ಕಡ್ಡಿ ಹಾಕಿ ರೆಕ್ಕೆಯನ್ನು ಮೆಲ್ಲಗೆ ತಳ್ಳಿ ನೋಡಿದೆ. ಇದನ್ನು ಬೆರಳಲ್ಲಿ ಮಾಡಬಾರದು, ಲೋಹದ ಸ್ಕ್ರೂಡ್ರೈವರಿನಲ್ಲಂತೂ ಬೇಡವೇ ಬೇಡ. ನೆಲ ಒಣಗಿರಬೇಕು, ಕಾಲಲ್ಲಿ ಒಣ ಚಪ್ಪಲಿ ಇರಬೇಕು. ಸ್ವಿಚ್ ಹಾಕಿ, ತಳ್ಳಿ, ಕೆಲವೇ ಸೆಕೆಂಡಿನಲ್ಲಿ ಆಫ್ ಮಾಡಬೇಕು. ತಳ್ಳಿದ ತಕ್ಷಣ ವೇಗ ಹಿಡಿದು ಓಡತೊಡಗಿದರೆ ಹೆಚ್ಚಾಗಿ ಕೆಪಾಸಿಟರ್ ಸೋತಿದೆ. ತಳ್ಳಿದರೂ ಅರ್ಧ ಸುತ್ತು ಹೋಗಿ ನಿಂತರೆ ಶಾಫ್ಟ್, ಅಂದರೆ ರೆಕ್ಕೆ ಕೂರುವ ಮೋಟಾರಿನ ದಂಡ, ಎಲ್ಲೋ ಹಿಡಿದಿದೆ. ನಮ್ಮ ಫ್ಯಾನು ಒಂದು ಸುತ್ತು ಎಳೆದಾಡಿ ನಿಂತುಬಿಟ್ಟಿತು.

ಅಲ್ಲಿಗೆ ಕರೆಂಟಿನ ಜೊತೆಗಿನ ಕೆಲಸ ಮುಗಿಯಿತು. ಎಂಸಿಬಿ ಆಫ್ ಮಾಡಿದೆ. ಸ್ವಿಚ್ ಆಫ್ ಮಾಡಿದರೆ ಸಾಲದು. ಹಳೆಯ ವೈರಿಂಗಿನಲ್ಲಿ ಸ್ವಿಚ್ಚನ್ನು ಕರೆಂಟ್ ತರುವ ಫೇಸ್ ವೈರಿನ ಬದಲು, ಅದು ವಾಪಸ್ ಹೋಗುವ ನ್ಯೂಟ್ರಲ್ ವೈರಿಗೆ ಹಾಕಿರುವುದೂ ಉಂಟು. ಅಂಥ ಕಡೆ ಸ್ವಿಚ್ ಆಫ್ ಆಗಿದ್ದರೂ ಫ್ಯಾನಿನ ತುದಿಯಲ್ಲಿ ಕರೆಂಟ್ ಇರುತ್ತದೆ. ಟೈಮರ್ ಇರುವ ಫ್ಯಾನುಗಳಿಗೆ ಸ್ವಿಚ್ಚಿನ ವೈರಿನ ಜೊತೆ ಸದಾ ಕರೆಂಟ್ ಇರುವ ಇನ್ನೊಂದು ವೈರೂ ಬರುತ್ತದೆ. ಸ್ವಿಚ್ ಆಫ್ ಮಾಡಿದ ಮೇಲೂ ಕೆಲವು ನಿಮಿಷ ಓಡಬೇಕಲ್ವಾ, ಅದಕ್ಕೆ. ಎಂಸಿಬಿ ಕೆಳಗಿಳಿಸಿದ ಮೇಲೂ ಟೆಸ್ಟರ್ ಇಟ್ಟು ನೋಡಬೇಕು. ಅದಕ್ಕೂ ಮೊದಲು ಅದೇ ಟೆಸ್ಟರನ್ನು ಕರೆಂಟ್ ಇರುವ ಬೇರೆ ಪಾಯಿಂಟಿನಲ್ಲಿಟ್ಟು, ಅದು ಉರಿಯುತ್ತದೆ ಅನ್ನುವುದನ್ನು ಖಚಿತ ಮಾಡಿಕೊಳ್ಳಬೇಕು. ಫ್ಯಾನಿನ ತುದಿ ನೋಡಿದ ಮೇಲೆ ಇನ್ನೊಮ್ಮೆ ಅಲ್ಲಿಗೇ ಹೋಗಿ ನೋಡಬೇಕು. ಕೆಟ್ಟ ಟೆಸ್ಟರ್ ಕೂಡ "ಕರೆಂಟ್ ಇಲ್ಲ" ಅಂತಲೇ ತೋರಿಸುತ್ತದೆ. ಬಾತ್‌ರೂಮ್ ಒದ್ದೆ ಜಾಗ, ಇಲ್ಲಿ ಈ ಮೂರು ಹೆಜ್ಜೆಯನ್ನು ನಾನು ಯಾವತ್ತೂ ಬಿಡುವುದಿಲ್ಲ.

ಜಾಲರಿ ತೆಗೆದಾಗ ಕಂಡಿದ್ದು ಬೂದು ಬಣ್ಣದ ದಪ್ಪ ಪದರ. ಮನೆಯ ಧೂಳು, ಟವೆಲಿನ ನೂಲಿನ ಪುಡಿ, ಸೋಪಿನ ಹಬೆ ಎಲ್ಲಾ ಸೇರಿ ರೆಕ್ಕೆಯ ಅಂಚಿಗೆ ಅಂಟಿಕೊಂಡಿತ್ತು. ಅಡುಗೆಮನೆಯ ಜಿಡ್ಡಿನ ಹಾಗಲ್ಲ ಇದು, ಒಣಗಿದ ಕಂಬಳಿಯ ಚೂರಿನಂತೆ ಉಗುರಿನಲ್ಲಿ ಎದ್ದುಬರುತ್ತದೆ. ಒಂದು ರೆಕ್ಕೆಯ ಮೇಲೆ ಜಾಸ್ತಿ, ಇನ್ನೊಂದರ ಮೇಲೆ ಕಡಿಮೆ ಕೂತರೆ ತೂಕ ಹೆಚ್ಚುಕಡಿಮೆಯಾಗಿ ಫ್ಯಾನು ನಡುಗುತ್ತದೆ. ಆ ನಡುಕದಿಂದ ಶಾಫ್ಟನ್ನು ಹಿಡಿದಿರುವ ಬುಷ್ ಅನ್ನುವ ಉಂಗುರ ಬೇಗ ಸವೆಯುತ್ತದೆ, ಸ್ಕ್ರೂಗಳು ಸಡಿಲವಾಗುತ್ತವೆ. ಗಡಗಡ ಅನ್ನುವ ಎಷ್ಟೋ ಫ್ಯಾನುಗಳು ರೆಕ್ಕೆ ತೊಳೆದರೆ ಸಾಕು, ಸುಮ್ಮನಾಗುತ್ತವೆ.

ರೆಕ್ಕೆ ಬಿಚ್ಚುವಾಗ ಒಂದು ಎಚ್ಚರಿಕೆ. ಕೆಲವು ಫ್ಯಾನುಗಳಲ್ಲಿ ರೆಕ್ಕೆಯನ್ನು ಹಿಡಿದಿಡುವ ನಟ್ಟು ಉಲ್ಟಾ ತಿರುಪಿನದ್ದು, ಅಂದರೆ ಗಡಿಯಾರದ ಮುಳ್ಳು ಹೋಗುವ ದಿಕ್ಕಿಗೆ ತಿರುಗಿಸಿದರೆ ಬಿಚ್ಚುತ್ತದೆ. ಓಡುವಾಗ ತಾನೇ ಸಡಿಲವಾಗಬಾರದು ಅಂತ ಹಾಗೆ ಮಾಡಿರುತ್ತಾರೆ. ಬರಲಿಲ್ಲ ಅಂತ ಬಲ ಹಾಕುವ ಮೊದಲು ಎರಡೂ ಕಡೆ ಮೆಲ್ಲಗೆ ತಿರುಗಿಸಿ ನೋಡಿ. ಕೆಲವು ಫ್ಯಾನುಗಳಲ್ಲಿ ನಟ್ಟೇ ಇಲ್ಲ, ರೆಕ್ಕೆಯನ್ನು ಶಾಫ್ಟಿಗೆ ಒತ್ತಿ ಕೂರಿಸಿರುತ್ತಾರೆ. ಅದನ್ನು ಒಂದೇ ಕಡೆಯಿಂದ ಎಬ್ಬಿಸಿದರೆ ಶಾಫ್ಟ್ ಬಗ್ಗುತ್ತದೆ. ಎದುರುಬದುರು ಎರಡು ಕಡೆ ಒಟ್ಟಿಗೆ ಹಿಡಿದು ನೇರಕ್ಕೆ ಎಳೆಯಬೇಕು.

ವೈರು ಬಿಚ್ಚುವ ಮೊದಲು ಫೋನಿನಲ್ಲಿ ಫೋಟೋ ತೆಗೆದುಕೊಂಡೆ. ಯಾವ ಬಣ್ಣ ಎಲ್ಲಿತ್ತು, ಕೆಪಾಸಿಟರಿನ ಎರಡು ವೈರು ಎಲ್ಲಿ ಸೇರಿದ್ದವು, ಎಲ್ಲಾ ಕಾಣುವ ಹಾಗೆ. ಮೋಟಾರಿನ ಎರಡು ಅರ್ಧ ಸೇರುವ ಜಾಗದಲ್ಲಿ ಮಾರ್ಕರಿನಿಂದ ಒಂದು ಗೆರೆಯನ್ನೂ ಎಳೆದೆ. ಜೋಡಿಸುವಾಗ ಗೆರೆಗೆ ಗೆರೆ ಸೇರಿದರೆ ಮೊದಲಿದ್ದ ಹಾಗೇ ಕೂರುತ್ತದೆ. ಫ್ಯಾನನ್ನು ಗೋಡೆಯಿಂದ ಇಳಿಸಿ ಒಣ ಮೇಜಿನ ಮೇಲೆ ಹಳೆ ಪೇಪರ್ ಹಾಸಿ ಇಟ್ಟುಕೊಂಡೆ.

ಈಗ ಶಾಫ್ಟನ್ನು ಕೈಯಲ್ಲೇ ತಿರುಗಿಸಿ ನೋಡಿದೆ. ಸರಿಯಿರುವ ಸಣ್ಣ ಮೋಟಾರನ್ನು ಬೆರಳಲ್ಲಿ ಚಿಮ್ಮಿದರೆ ಅದು ಕೆಲವು ಸುತ್ತು ಹಾಗೇ ಹೋಗಿ ನಿಧಾನಕ್ಕೆ ನಿಲ್ಲಬೇಕು. ನಮ್ಮದು ಬೆರಳು ಬಿಟ್ಟ ಕೂಡಲೇ ನಿಂತಿತು. ಎಣ್ಣೆ ಒಣಗಿದ್ದು ಖಾತ್ರಿಯಾಯಿತು. ಆಮೇಲೆ ಶಾಫ್ಟನ್ನು ಅಡ್ಡಡ್ಡ ಅಲ್ಲಾಡಿಸಿದೆ. ಇದು ಮುಖ್ಯ. ಅಡ್ಡಕ್ಕೆ ಲಟಲಟ ಅಂದರೆ ಬುಷ್ ಸವೆದುಹೋಗಿದೆ, ಎಷ್ಟು ಎಣ್ಣೆ ಹಾಕಿದರೂ ಉಪಯೋಗವಿಲ್ಲ, ಬುಷ್ ಇಲ್ಲವೇ ಮೋಟಾರು ಬದಲಿಸಬೇಕು. ಹಿಂದೆ ಮುಂದೆ ಚೂರು ಆಟ ಇದ್ದರೆ ಚಿಂತೆಯಿಲ್ಲ, ಅದು ಇರಲೇಬೇಕು. ನಮ್ಮದರಲ್ಲಿ ಅಡ್ಡ ಆಟ ಇರಲಿಲ್ಲ. ಹಾಗಾಗಿ ಬಿಚ್ಚುವುದು ಅಂತ ತೀರ್ಮಾನ ಮಾಡಿದೆ.

ಇಂಥ ಫ್ಯಾನುಗಳಲ್ಲಿ ಹೆಚ್ಚಿನವಕ್ಕೆ ಬಾಲ್ ಬೇರಿಂಗ್ ಇರುವುದಿಲ್ಲ, ಬುಷ್ ಇರುತ್ತದೆ. ಕಂಚಿನ ಪುಡಿಯನ್ನು ಒತ್ತಿ, ಕಾಯಿಸಿ ಮಾಡಿದ ಸಣ್ಣ ಉಂಗುರ ಅದು. ಬರಿಗಣ್ಣಿಗೆ ಗಟ್ಟಿಯಾಗಿ ಕಂಡರೂ ಒಳಗೆಲ್ಲಾ ಸೂಕ್ಷ್ಮ ರಂಧ್ರಗಳು. ಆ ರಂಧ್ರಗಳಲ್ಲಿ ಎಣ್ಣೆ ತುಂಬಿರುತ್ತದೆ. ಶಾಫ್ಟ್ ತಿರುಗಿ ಬಿಸಿಯಾದಾಗ ಎಣ್ಣೆ ಹೊರಗೆ ಬಂದು ತೆಳು ಪೊರೆಯಾಗುತ್ತದೆ, ನಿಂತು ತಣ್ಣಗಾದಾಗ ಮತ್ತೆ ಒಳಗೆ ಹೋಗುತ್ತದೆ. ಬುಷ್ಷಿನ ಸುತ್ತ ಎಣ್ಣೆ ಹೀರಿದ ಫೆಲ್ಟಿನ (ಕಂಬಳಿಯಂಥ ದಪ್ಪ ಬಟ್ಟೆಯ) ಚೂರು ಬೇರೆ ಇರುತ್ತದೆ, ಅದು ಎಣ್ಣೆಯ ದಾಸ್ತಾನು. ವರ್ಷಗಟ್ಟಲೆ ಧೂಳು, ತೇವ, ಬಿಸಿ ಬಿದ್ದು ಈ ಎಣ್ಣೆ ಗಟ್ಟಿಯಾಗಿ ಅಂಟಾಗುತ್ತದೆ. ಬೆಳಗಿನ ಹೊತ್ತು ಕಿರ್ ಅನ್ನುತ್ತಿದ್ದದ್ದು, ಸ್ವಲ್ಪ ಹೊತ್ತಿಗೆ ಸರಿಹೋಗುತ್ತಿದ್ದದ್ದು ಇದೇ ಕಾರಣಕ್ಕೆ. ತಣ್ಣಗಿದ್ದಾಗ ಅಂಟು ಗಟ್ಟಿ, ಬಿಸಿಯಾದ ಮೇಲೆ ಸ್ವಲ್ಪ ಸಡಿಲ.

ಮೋಟಾರಿನ ಉದ್ದನೆಯ ಬೋಲ್ಟುಗಳನ್ನು ಬಿಚ್ಚಿ ಎರಡು ಅರ್ಧ ಬೇರೆ ಮಾಡಿದೆ. ಶಾಫ್ಟಿನ ಎರಡೂ ತುದಿಯಲ್ಲಿ ತೆಳುವಾದ ವಾಷರುಗಳಿದ್ದವು. ಅವು ಯಾವ ಕಡೆ ಎಷ್ಟಿದ್ದವೋ, ಯಾವ ಕ್ರಮದಲ್ಲಿದ್ದವೋ ಹಾಗೇ ಸಾಲಾಗಿ ಇಟ್ಟುಕೊಳ್ಳಬೇಕು. ಕ್ರಮ ತಪ್ಪಿದರೆ ರೋಟರ್ (ಮೋಟಾರಿನೊಳಗೆ ಶಾಫ್ಟಿನ ಜೊತೆ ತಿರುಗುವ ಭಾಗ) ಹಿಂದಕ್ಕೋ ಮುಂದಕ್ಕೋ ಸರಿದು ಇನ್ನೊಂದು ಹೊಸ ಸದ್ದು ಶುರುವಾಗುತ್ತದೆ. ಬುಷ್ ಕೂರುವ ಜಾಗದಲ್ಲಿ ಶಾಫ್ಟಿನ ಮೇಲೆ ಕಂದು ಬಣ್ಣದ ಉಂಗುರ ಕಂಡಿತು, ವಾರ್ನಿಶ್ ಬಳಿದಂತೆ ಹೊಳೆಯುತ್ತಿತ್ತು. ಅದೇ ಹಳೆ ಎಣ್ಣೆ. ಬಟ್ಟೆಗೆ ಸ್ಪಿರಿಟ್ ಹಚ್ಚಿ ಒರೆಸಿದೆ. ಮೊದಲು ಹೋಗಲಿಲ್ಲ. ಒದ್ದೆ ಬಟ್ಟೆಯನ್ನು ಸುತ್ತಿ ಸ್ವಲ್ಪ ಹೊತ್ತು ಬಿಟ್ಟೆ. ಆಮೇಲೆ ಶಾಫ್ಟನ್ನು ಬಟ್ಟೆಯೊಳಗೆ ತಿರುಗಿಸುತ್ತಾ ಹೋದ ಹಾಗೆ ಕಂದು ಬಣ್ಣ ಬಟ್ಟೆಗೆ ಇಳಿದು ಅಡಿಯಿಂದ ಉಕ್ಕಿನ ಬೆಳ್ಳಿ ಬಣ್ಣ ಎದ್ದಿತು. ಇಲ್ಲಿ ಸ್ಯಾಂಡ್ ಪೇಪರ್ ಹಾಕಬೇಡಿ. ಶಾಫ್ಟಿನ ಮೇಲೆ ಬೀಳುವ ಗೀರು ಬುಷ್ಷನ್ನು ಅರದ ಹಾಗೆ ತಿನ್ನುತ್ತದೆ. ಬುಷ್ಷಿನ ಒಳಗೆ ಕಿವಿ ಕಡ್ಡಿಯ ಹತ್ತಿಗೆ ಸ್ಪಿರಿಟ್ ಹಚ್ಚಿ ತಿರುಗಿಸಿದೆ, ಹತ್ತಿ ಬಿಳಿಯಾಗಿ ಹೊರಬರುವವರೆಗೂ ಹೊಸ ಹೊಸ ಕಡ್ಡಿ ತೆಗೆದುಕೊಂಡೆ.

ಸ್ಪಿರಿಟ್ ಪೂರ್ತಿ ಆರಿದ ಮೇಲೆ ಎಣ್ಣೆ. ಹೊಲಿಗೆ ಮೆಷಿನ್ನಿಗೆ ಹಾಕುವ ತೆಳು ಎಣ್ಣೆ ಸಾಕಾಗುತ್ತದೆ, ಸಣ್ಣ ಮೋಟಾರಿಗೆಂದೇ ಬರುವ ಎಣ್ಣೆ ಸಿಕ್ಕರೆ ಇನ್ನೂ ಒಳ್ಳೆಯದು. ಅಡುಗೆ ಎಣ್ಣೆ ಬೇಡ, ಅದು ಕೆಲವೇ ತಿಂಗಳಲ್ಲಿ ಅಂಟಾಗುತ್ತದೆ. ತುಕ್ಕು ಬಿಡಿಸುವ ಸ್ಪ್ರೇ ಹೊಡೆಯುವುದು ಎಲ್ಲರಿಗೂ ಸುಲಭವಾಗಿ ತೋಚುವ ದಾರಿ. ಹೊಡೆದ ದಿನ ಫ್ಯಾನು ಚೆನ್ನಾಗಿಯೇ ಓಡುತ್ತದೆ. ಆದರೆ ಅದರಲ್ಲಿ ಬಹುಪಾಲು ಆರಿಹೋಗುವ ದ್ರಾವಕ. ಬುಷ್ಷಿನಲ್ಲಿ ಉಳಿದಿದ್ದ ಚೂರುಪಾರು ಎಣ್ಣೆಯನ್ನೂ ಅದು ತೊಳೆದುಕೊಂಡು ಹೋಗುತ್ತದೆ. ಗ್ರೀಸ್ ಕೂಡ ಬೇಡ, ಅದು ಬುಷ್ಷಿನ ರಂಧ್ರದೊಳಕ್ಕೆ ಇಳಿಯುವುದಿಲ್ಲ. ಎಣ್ಣೆಯನ್ನು ಫೆಲ್ಟಿನ ಮೇಲೆ ಒಂದೊಂದೇ ಹನಿ ಬಿಡುತ್ತಾ ಹೋದೆ. ಮೊದಲ ಹನಿಗಳು ಬಿದ್ದ ಕೂಡಲೇ ಮಾಯವಾದವು, ಅಷ್ಟು ಒಣಗಿತ್ತು. ಹನಿ ಮೇಲೇ ನಿಲ್ಲತೊಡಗಿದಾಗ ನಿಲ್ಲಿಸಿದೆ. ಜಾಸ್ತಿಯಾದ ಎಣ್ಣೆ ವೈಂಡಿಂಗಿನ ಮೇಲೆ ಸಿಡಿದು ಧೂಳನ್ನು ಕರೆಯುತ್ತದೆ, ಅದನ್ನು ಒರೆಸಿಬಿಡಬೇಕು.

ಜೋಡಿಸುವುದರಲ್ಲಿ ಒಂದು ಸೂಕ್ಷ್ಮ ಇದೆ. ತುಂಬಾ ಕಡೆ ಬುಷ್ಷನ್ನು ಗೋಲಾಕಾರದಲ್ಲಿ ಮಾಡಿ, ಸ್ಪ್ರಿಂಗ್ ತಗಡಿನ ಅಡಿಯಲ್ಲಿ ಹಿಡಿಸಿರುತ್ತಾರೆ. ಅದು ತಾನೇ ಚೂರು ಆಚೀಚೆ ವಾಲಿ ಶಾಫ್ಟಿಗೆ ನೇರ ಕೂರಬೇಕು. ಬೋಲ್ಟುಗಳನ್ನು ಒಂದೇ ಸಲ ಬಿಗಿದರೆ ಎರಡು ಬುಷ್ಷುಗಳು ಒಂದೇ ನೇರಕ್ಕೆ ಬರುವುದಿಲ್ಲ, ಎಣ್ಣೆ ಹಾಕಿದ ಹೊಸ ಮೋಟಾರೂ ಹಿಡಿದುಕೊಳ್ಳುತ್ತದೆ. ನಾನು ಎದುರುಬದುರು ಬೋಲ್ಟುಗಳನ್ನು ಸ್ವಲ್ಪ ಸ್ವಲ್ಪವೇ ಬಿಗಿಯುತ್ತಾ, ಪ್ರತಿ ಸಲ ಶಾಫ್ಟನ್ನು ತಿರುಗಿಸಿ ನೋಡುತ್ತಾ ಬಂದೆ. ಬಿಗಿಯಾಯಿತು ಅನ್ನಿಸಿದಾಗ ಸ್ಕ್ರೂಡ್ರೈವರಿನ ಪ್ಲಾಸ್ಟಿಕ್ ಹಿಡಿಯಿಂದ ಮೋಟಾರಿನ ಬದಿಗೆ ಮೆಲ್ಲಗೆ ತಟ್ಟಿದೆ. ತಟ್ಟಿದಾಗ ಬುಷ್ ತನ್ನ ಜಾಗಕ್ಕೆ ಕೂರುತ್ತದೆ, ಶಾಫ್ಟ್ ಥಟ್ಟನೆ ಹಗುರವಾಗುತ್ತದೆ. ಎಣ್ಣೆ ಹಾಕಿದ ಮೇಲೂ ಸರಿಹೋಗಲಿಲ್ಲ ಅಂತ ಕೈಬಿಟ್ಟ ಎಷ್ಟೋ ಮೋಟಾರುಗಳಿಗೆ ಬೇಕಾಗಿದ್ದದ್ದು ಈ ತಟ್ಟುವಿಕೆ ಅಂತ ನನಗೆ ಅನ್ನಿಸುತ್ತದೆ.

ಈಗ ಬೆರಳಲ್ಲಿ ಚಿಮ್ಮಿದರೆ ಸುಯ್ ಅಂತ ತಿರುಗುತ್ತಿತ್ತು. ಮತ್ತೆ ಗೋಡೆಗೆ ಹಾಕಿ, ಜಾಲರಿ ಮುಚ್ಚಿ ಸ್ವಿಚ್ ಹಾಕಿದೆ. ಗುಂಯ್ ಅಂದಿತು, ತಿರುಗಲಿಲ್ಲ. ಕಡ್ಡಿಯಿಂದ ಮುಟ್ಟಿದ ಕೂಡಲೇ ಓಡಿತು, ಆದರೆ ಮೊದಲಿನ ವೇಗ ಇಲ್ಲ. ಹಿಡಿತ ಹೋದಮೇಲೆ ಅದರ ಹಿಂದೆ ಅಡಗಿದ್ದ ಇನ್ನೊಂದು ತೊಂದರೆ ಕಣ್ಣಿಗೆ ಬಿತ್ತು: ಕೆಪಾಸಿಟರ್.

ಒಂದೇ ಫೇಸಿನ ಕರೆಂಟಿಗೆ ತಾನಾಗಿ ಮೋಟಾರನ್ನು ಒಂದು ದಿಕ್ಕಿಗೆ ತಿರುಗಿಸುವ ಗುಣ ಇಲ್ಲ. ಅದು ರೋಟರನ್ನು ಆ ಕಡೆಗೂ ಈ ಕಡೆಗೂ ಸಮನಾಗಿ ಎಳೆಯುತ್ತದೆ, ಹಾಗಾಗಿ ಬರೀ ಗುಂಯ್ ಅನ್ನುತ್ತದೆ. ಎರಡನೇ ವೈಂಡಿಂಗಿಗೆ ಕೆಪಾಸಿಟರ್ ಮೂಲಕ ಕರೆಂಟ್ ಕೊಟ್ಟಾಗ ಅದರ ಅಲೆ ಮೊದಲನೆಯದಕ್ಕಿಂತ ಮುಂದೆ ಸರಿಯುತ್ತದೆ, ಆಗ ದಿಕ್ಕು ಸಿಗುತ್ತದೆ. ಕೆಪಾಸಿಟರ್ ಸತ್ತ ಮೋಟಾರನ್ನು ಯಾವ ಕಡೆ ತಳ್ಳಿದರೂ ಆ ಕಡೆಗೇ ಓಡುತ್ತದೆ. ಎಲ್ಲಾ ಫ್ಯಾನಿಗೂ ಕೆಪಾಸಿಟರ್ ಇರುವುದಿಲ್ಲ ಅನ್ನುವುದೂ ನೆನಪಿರಲಿ. ಸಣ್ಣ ಫ್ಯಾನುಗಳಲ್ಲಿ ಎಷ್ಟೋ ಸಲ ಮೋಟಾರಿನ ಕಬ್ಬಿಣದ ಮೂಲೆಗೆ ದಪ್ಪ ತಾಮ್ರದ ಉಂಗುರ ತೊಡಿಸಿರುತ್ತಾರೆ. ದಿಕ್ಕು ಕೊಡುವ ಕೆಲಸವನ್ನು ಆ ಉಂಗುರವೇ ಮಾಡುತ್ತದೆ. ಅಂಥದ್ದರಲ್ಲಿ ಗುಂಯ್ ಅಂದು ನಿಂತರೆ ಬುಷ್ಷನ್ನೇ ನೋಡಬೇಕು, ಕೆಪಾಸಿಟರ್ ಹುಡುಕುತ್ತಾ ಕೂರುವುದು ಬೇಡ.

ಮತ್ತೆ ಎಂಸಿಬಿ ಆಫ್, ಮತ್ತೆ ಟೆಸ್ಟರ್. ಕೆಪಾಸಿಟರಿನಲ್ಲಿ ಕರೆಂಟ್ ಉಳಿದಿರಬಹುದು, ಹಾಗಾಗಿ ಅದರ ಎರಡು ತುದಿಗೆ ಹೆಚ್ಚು ಓಮ್‌ನ ರೆಸಿಸ್ಟರ್ (ಕರೆಂಟಿಗೆ ತಡೆ ಒಡ್ಡುವ ಬಿಡಿಭಾಗ) ಒಂದನ್ನು ಇನ್ಸುಲೇಷನ್ ಇರುವ ಕ್ಲಿಪ್ಪಿನಲ್ಲಿ ಹಿಡಿದು ಖಾಲಿ ಮಾಡಿದೆ. ಒಂದು ವೈರು ಬಿಡಿಸಿ, ಕೆಪಾಸಿಟರ್ ಅಳೆಯುವ ಸೌಲಭ್ಯ ಇರುವ ಮಲ್ಟಿಮೀಟರ್ ಹಚ್ಚಿದೆ. ವೈರು ಬಿಡಿಸದೆ ಅಳೆದರೆ ವೈಂಡಿಂಗೂ ಲೆಕ್ಕಕ್ಕೆ ಸೇರಿ ಏನೇನೋ ತೋರಿಸುತ್ತದೆ. ಕೆಪಾಸಿಟರಿನ ಮೈಮೇಲೆ ಅದರ ಸಾಮರ್ಥ್ಯ 2.5 ಮೈಕ್ರೋಫ್ಯಾರಡ್ ಅಂತ ಬರೆದಿತ್ತು, ಶೇಕಡಾ 5 ಹೆಚ್ಚುಕಡಿಮೆ ಅಂತಲೂ ಇತ್ತು. ಅಂದರೆ ಸುಮಾರು 2.4ರಿಂದ 2.6ರ ಒಳಗೆ ತೋರಿಸಬೇಕು. ಮೀಟರಿನಲ್ಲಿ ಬಂದದ್ದು 1.1. ಹೊರಗಿನಿಂದ ನೋಡಿದರೆ ಉಬ್ಬಿಲ್ಲ, ಸುಟ್ಟಿಲ್ಲ, ಹೊಸದರ ಹಾಗೇ ಇತ್ತು. ಕೆಪಾಸಿಟರನ್ನು ಕಣ್ಣಲ್ಲಿ ನೋಡಿ ಸರಿಯಿದೆ ಅನ್ನುವ ಹಾಗಿಲ್ಲ.

ಹೊಸದು ತರುವಾಗ ಮೈಕ್ರೋಫ್ಯಾರಡ್ ಅಷ್ಟೇ ಇರಬೇಕು. ವೋಲ್ಟೇಜ್ ಹಳೆಯದರಷ್ಟು ಅಥವಾ ಅದಕ್ಕಿಂತ ಹೆಚ್ಚಿದ್ದರೆ ತೊಂದರೆಯಿಲ್ಲ, ಕಡಿಮೆ ಇರಬಾರದು. ಮನೆಯ ಕರೆಂಟಿನಲ್ಲಿ (ಎಸಿ) ಓಡುವ ಮೋಟಾರಿಗೆ ಸದಾ ಜೋಡಿಸಿಡುವಂಥದ್ದೇ ಬೇಕು. "ಜಾಸ್ತಿ ಹಾಕಿದರೆ ಸ್ಪೀಡ್ ಬರುತ್ತೆ" ಅನ್ನುವ ಮಾತು ಎಲ್ಲಾ ಕಡೆ ಕೇಳಿಬರುತ್ತದೆ. ಒಪ್ಪಬೇಡಿ. ಮೈಕ್ರೋಫ್ಯಾರಡ್ ಹೆಚ್ಚಾದರೆ ಎರಡನೇ ವೈಂಡಿಂಗಿನಲ್ಲಿ ಅದು ತಾಳುವುದಕ್ಕಿಂತ ಜಾಸ್ತಿ ಕರೆಂಟ್ ಹರಿದು ಮೋಟಾರು ಬಿಸಿಯಾಗುತ್ತದೆ. ಹೊಸ ಕೆಪಾಸಿಟರ್ ಹಾಕಿ ಸ್ವಿಚ್ ಹಾಕಿದೆ. ಒಂದು ಕ್ಷಣವೂ ತಡವಾಗಲಿಲ್ಲ, ರೆಕ್ಕೆ ಎದ್ದು ಓಡಿತು.

ಫ್ಯಾನು ತಿರುಗಿದರೆ ಕೆಲಸ ಮುಗಿದಂತಲ್ಲ. ಅದು ಗಾಳಿ ಎಳೆಯುತ್ತಿದೆಯಾ ನೋಡಬೇಕು. ಒಂದು ತೆಳು ಟಿಶ್ಯೂ ಕಾಗದವನ್ನು ಜಾಲರಿಗೆ ಹಿಡಿದೆ. ಅಂಟಿಕೊಂಡು ನಿಲ್ಲಬೇಕಿತ್ತು, ಕೆಳಗೆ ಬಿತ್ತು. ಬಾಗಿಲನ್ನು ಚೂರು ತೆರೆದು ಮತ್ತೆ ಹಿಡಿದೆ. ಆಗಲೂ ಬಿತ್ತು. ಬಾಗಿಲು ತೆರೆದಾಗ ಮಾತ್ರ ಕಾಗದ ನಿಂತಿದ್ದರೆ ಒಳಗೆ ಗಾಳಿ ಬರಲು ದಾರಿ ಇಲ್ಲ ಅಂತ ಅರ್ಥ. ಎರಡೂ ಸಲ ಬಿದ್ದದ್ದರಿಂದ ಹೊರಗೆ ಹೋಗುವ ದಾರಿಯೇ ಕಟ್ಟಿದೆ ಅಂತಾಯಿತು. ಹೊರಗಿನಿಂದ ನೋಡಿದರೆ ಶಟರಿನ ಪಟ್ಟಿಗಳು ಧೂಳು, ಜೇಡರ ಬಲೆ ಹಿಡಿದು ಮುಚ್ಚಿಕೊಂಡೇ ಇದ್ದವು. ಫ್ಯಾನು ಓಡಿದಾಗ ಗಾಳಿಗೆ ಮೇಲೇಳಬೇಕಾದ ಪಟ್ಟಿಗಳು ಅವು. ಸೋಪ್ ನೀರಲ್ಲಿ ತೊಳೆದು, ಕೀಲಿನ ಜಾಗ ಒರೆಸಿ ಒಣಗಿಸಿದೆ. ಅಲ್ಲಿಗೆ ಎಣ್ಣೆ ಹಾಕಲಿಲ್ಲ, ಹಾಕಿದರೆ ಧೂಳು ಇನ್ನೂ ಬೇಗ ಹಿಡಿಯುತ್ತದೆ. ಆಮೇಲೆ ಟಿಶ್ಯೂ ಹಿಡಿದಾಗ ಪಟ್ ಅಂತ ಜಾಲರಿಗೆ ಅಂಟಿತು.

ಗಾಳಿ ಹೊರಗೆ ಹೋಗಬೇಕಾದರೆ ಅಷ್ಟೇ ಗಾಳಿ ಒಳಗೆ ಬರಬೇಕು. ಬಾಗಿಲ ಕೆಳಗೆ ಒಂದು ಸೆಂಟಿಮೀಟರಿನಷ್ಟಾದರೂ ಸಂದಿ ಬೇಕು. ಕಾಲೊರೆಸುವ ದಪ್ಪ ಮ್ಯಾಟನ್ನು ಬಾಗಿಲಿಗೆ ಒತ್ತಿ ಇಟ್ಟರೆ ಆ ಸಂದಿಯೂ ಹೋಗುತ್ತದೆ. ಇನ್ನೊಂದು ಸಂಗತಿ ತುಂಬಾ ಜನಕ್ಕೆ ಉಲ್ಟಾ ಅನ್ನಿಸಬಹುದು: ಫ್ಯಾನಿನ ಪಕ್ಕದಲ್ಲೇ ಕಿಟಕಿ ಇದ್ದರೆ, ಫ್ಯಾನು ಓಡುವಾಗ ಅದನ್ನು ಮುಚ್ಚಿಡಬೇಕು. ತೆರೆದಿಟ್ಟರೆ ಕಿಟಕಿಯ ಗಾಳಿಯನ್ನೇ ಎಳೆದು ಹೊರಗೆ ಹಾಕುತ್ತದೆ, ಸ್ನಾನದ ಜಾಗದ ಹಬೆ ಅಲ್ಲೇ ಉಳಿಯುತ್ತದೆ. ಗಾಳಿ ಬಾಗಿಲ ಕಡೆಯಿಂದ ಬಂದು ಇಡೀ ಬಾತ್‌ರೂಮ್ ದಾಟಿ ಹೋಗಬೇಕು. ಸ್ನಾನ ಮುಗಿದ ಮೇಲೂ 15ರಿಂದ 20 ನಿಮಿಷ ಓಡಲಿ ಬಿಡಿ. ಗೋಡೆಯ ಮೇಲಿನ ನೀರು ಆರುವುದು ಆ ಹೊತ್ತಿನಲ್ಲೇ, ಬೂಸ್ಟು ಬರದ ಹಾಗೆ ತಡೆಯುವುದೂ ಅದೇ. ಚಾವಣಿಯಿಂದ ಪೈಪಿನ ಮೂಲಕ ಗಾಳಿ ಹೊರಗೆ ಕಳಿಸುವ ಫ್ಯಾನಾದರೆ ಪೈಪು ನಡುವೆ ಜೋತುಬಿದ್ದಿದೆಯಾ ನೋಡಿ. ಜೋತುಬಿದ್ದ ಕಡೆ ಹಬೆ ನೀರಾಗಿ ನಿಂತು ದಾರಿ ಕಟ್ಟುತ್ತದೆ.

ಇನ್ನು ಅಕ್ಕನ ಮನೆಯ ವಿಷಯ. ಫೋನ್ ಮಾಡಿ, "ಹೋದ ವಾರದವರೆಗೂ ಗುಂಯ್ ಅಂತಿತ್ತು ಕಣೋ, ಹಾಗೇ ಬಿಟ್ಟಿದ್ವಿ. ಈಗ ಸದ್ದೂ ಇಲ್ಲ, ಏನೂ ಇಲ್ಲ" ಅಂದಳು. "ಸ್ವಿಚ್ ಆಫ್ ಮಾಡಿಡು ಅಕ್ಕ, ನಾನು ಬರೋವರೆಗೂ ಹಾಕ್ಬೇಡ" ಅಂದೆ. ಸದ್ದಿಲ್ಲದ ಫ್ಯಾನು ಅಂದಮೇಲೆ ಸ್ವಿಚ್ಚಿನಿಂದಲೇ ಶುರುಮಾಡಬೇಕು. ಇಲ್ಲಿ ಟೆಸ್ಟರ್ ಒಂದೇ ನಂಬಿದರೆ ಮೋಸ ಹೋಗುವ ಸಾಧ್ಯತೆ ಇದೆ. ನ್ಯೂಟ್ರಲ್ ಕಡಿದುಹೋಗಿದ್ದರೂ ಫೇಸಿನ ತುದಿಯಲ್ಲಿ ಟೆಸ್ಟರ್ ಉರಿಯುತ್ತದೆ. ಸ್ವಿಚ್ ಹಾಕಿದಾಗ ಫ್ಯಾನಿನ ಎರಡೂ ತುದಿಯಲ್ಲಿ ಉರಿದರೆ ನ್ಯೂಟ್ರಲ್ ಇಲ್ಲ ಅಂತ ಅರ್ಥ. ಮಲ್ಟಿಮೀಟರಿನಲ್ಲಿ ಎರಡು ತುದಿಯ ನಡುವೆ ಅಳೆದರೆ ಈ ಗೊಂದಲವೇ ಇರುವುದಿಲ್ಲ. ಅಕ್ಕನ ಮನೆಯಲ್ಲಿ ಪೂರ್ತಿ ವೋಲ್ಟೇಜ್ ಬರುತ್ತಿತ್ತು. ಹಾಗಾದರೆ ಮೋಟಾರೇ ಕಡಿದಿದೆ.

ಎಂಸಿಬಿ ಆಫ್ ಮಾಡಿ, ವೈರು ಬಿಡಿಸಿ ವೈಂಡಿಂಗನ್ನು ಅಳೆದೆ. ಮೀಟರ್ ಏನೂ ತೋರಿಸಲಿಲ್ಲ, ಪೂರ್ತಿ ಓಪನ್, ಅಂದರೆ ಒಳಗೆ ಎಲ್ಲೋ ದಾರಿ ಕಡಿದಿದೆ. ಸರಿಯಿರುವ ವೈಂಡಿಂಗಿನಲ್ಲಿ ಹತ್ತಾರು ಓಮ್‌ನಿಂದ ನೂರಾರು ಓಮ್‌ವರೆಗೆ ಏನಾದರೂ ಬರಲೇಬೇಕು. ಕೆಪಾಸಿಟರ್ ಇರುವ, ಮೂರು ವೈರಿನ ಮೋಟಾರಾದರೆ ಇನ್ನೊಂದು ಸುಲಭ ತಾಳೆ ಇದೆ: ಎರಡೆರಡು ವೈರಿನ ನಡುವೆ ಅಳೆದಾಗ ಬರುವ ಮೂರು ಅಂಕಿಗಳಲ್ಲಿ ದೊಡ್ಡದು ಉಳಿದೆರಡರ ಮೊತ್ತಕ್ಕೆ ಸಮ ಇರಬೇಕು. ಅಕ್ಕನದ್ದು ಎರಡೇ ವೈರಿನ ಸಣ್ಣ ಮೋಟಾರು. ವೈಂಡಿಂಗಿಗೆ ಸುತ್ತಿದ ಟೇಪಿನ ಅಡಿಯಲ್ಲಿ ಸಣ್ಣ ಉಬ್ಬು ಕಾಣಿಸುತ್ತಿತ್ತು. ಟೇಪ್ ಬಿಡಿಸಿದರೆ ಥರ್ಮಲ್ ಫ್ಯೂಸ್. ಬರೆದಿರುವ ಉಷ್ಣತೆ ದಾಟಿದರೆ ಅದು ಒಮ್ಮೆ ಕಡಿಯುತ್ತದೆ, ತಣ್ಣಗಾದ ಮೇಲೆ ಮತ್ತೆ ಸೇರುವುದಿಲ್ಲ. ಅದರ ಎರಡು ತುದಿಗೆ ಮೀಟರ್ ಹಿಡಿದೆ, ಅಲ್ಲೇ ಕಡಿದಿತ್ತು.

"ಒಂದು ವೈರು ಸೇರಿಸಿದರೆ ಓಡುತ್ತಲ್ವಾ?" ಅಂತ ಭಾವ ಕೇಳಿದರು. ಓಡುತ್ತದೆ ನಿಜ. ಆದರೆ ಮುಂದಿನ ಸಲ ರೆಕ್ಕೆ ಹಿಡಿದುಕೊಂಡಾಗ ಕರೆಂಟ್ ಕಡಿಯಲು ಯಾರೂ ಇರುವುದಿಲ್ಲ, ಸುತ್ತ ಇರುವುದು ಪ್ಲಾಸ್ಟಿಕ್ಕು ಮತ್ತು ಒಣ ಧೂಳು. ಯಾರೂ ಇಲ್ಲದ ಬಾತ್‌ರೂಮಿನಲ್ಲಿ ಹೊತ್ತಿಕೊಂಡರೆ ಗೊತ್ತಾಗುವುದು ತಡವಾಗಿ. ಭಾವನಿಗೆ ಇದನ್ನೇ ಹೇಳಿದೆ, ಒಪ್ಪಿದರು. ಈ ಫ್ಯೂಸನ್ನು ದಾಟಿ ವೈರು ಸೇರಿಸುವ ಕೆಲಸ ನಾನು ಯಾರಿಗೂ ಮಾಡಿಕೊಡುವುದಿಲ್ಲ. ಅದೇ ಉಷ್ಣತೆಯ ಹೊಸ ಫ್ಯೂಸ್ ಹಾಕಬಹುದು. ಅದನ್ನು ಬೆಸುಗೆ ಹಾಕದೆ ಕ್ರಿಂಪ್ ಮಾಡುವುದು (ಲೋಹದ ಕೊಳವೆಯಲ್ಲಿ ಒತ್ತಿ ಸೇರಿಸುವುದು) ಒಳ್ಳೆಯದು, ಬೆಸುಗೆಯ ಬಿಸಿಗೇ ಹೊಸ ಫ್ಯೂಸ್ ಕಡಿಯಬಹುದು. ಆದರೆ ಫ್ಯೂಸ್ ಕಡಿಯಲು ಕಾರಣವಾದ ಹಿಡಿತವನ್ನು ಮೊದಲು ಸರಿಮಾಡಬೇಕು. ಅಕ್ಕನ ಫ್ಯಾನಿನ ಶಾಫ್ಟನ್ನು ಅಲ್ಲಾಡಿಸಿದರೆ ಅಡ್ಡಕ್ಕೆ ಲಟಲಟ ಅಂದಿತು, ವೈಂಡಿಂಗ್ ಒಂದು ಕಡೆ ಕಪ್ಪಾಗಿತ್ತು, ಸುಟ್ಟ ವಾಸನೆಯೂ ಇತ್ತು. ಇಂಥದ್ದನ್ನು ರಿಪೇರಿ ಮಾಡುವುದು ಬೇಡ ಅಂದೆ. ಸ್ವಿಚ್ ಹಾಕಿದ ಕೂಡಲೇ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್ಚು) ಬೀಳುವ ಫ್ಯಾನೂ ಇದೇ ಸಾಲಿನದ್ದು. ವೈಂಡಿಂಗಿನಿಂದ ಫ್ಯಾನಿನ ಮೈಗೆ ಕರೆಂಟ್ ಸೋರುತ್ತಿರುತ್ತದೆ. ಮನೆಗಳಲ್ಲಿ ಸಾಮಾನ್ಯವಾಗಿ ಹಾಕುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಅದನ್ನು ಹಿಡಿದು ಜೀವ ಉಳಿಸುತ್ತದೆ, ಅದು ಬೀಳುತ್ತದೆ ಅಂತ ಅದನ್ನೇ ತೆಗೆಸುವವರ ಮಾತು ಕೇಳಬೇಡಿ.

ಹೊಸ ಫ್ಯಾನು ಆರಿಸುವಾಗ ಅಕ್ಕನಿಗೆ ಮೊದಲು ಫ್ಯಾನು ಕೂರುವ ತೂತಿನ ಅಳತೆ ತೆಗೆದುಕೊಳ್ಳಲು ಹೇಳಿದೆ. ರೆಕ್ಕೆಯ ಅಳತೆ ಒಂದೇ ಇದ್ದರೂ ಚೌಕಟ್ಟಿನ ಅಳತೆ, ಸ್ಕ್ರೂ ತೂತುಗಳ ನಡುವಿನ ದೂರ ಬೇರೆ ಇರುತ್ತದೆ. ಆಮೇಲೆ ಗಾಳಿಯ ಲೆಕ್ಕ. ಬೇಕಾದಾಗ ಮಾತ್ರ ಹಾಕುವ ಬಾತ್‌ರೂಮ್ ಫ್ಯಾನಿಗೆ ಮನೆಯೊಳಗಿನ ಗಾಳಿಯಾಟಕ್ಕೆ ಇರುವ ಅಮೆರಿಕದ ಆಶ್ರೇ 62.2 ಮಾನದಂಡ ನಿಮಿಷಕ್ಕೆ 50 ಘನ ಅಡಿ ಅನ್ನುತ್ತದೆ, ಅಂದರೆ ಗಂಟೆಗೆ ಸುಮಾರು 85 ಘನ ಮೀಟರ್. ಡಬ್ಬಿಯ ಮೇಲೆ ಈ ಅಂಕಿ ಬರೆದಿರುತ್ತದೆ, ಇದಕ್ಕಿಂತ ಕಡಿಮೆ ಇರುವುದನ್ನು ನಾನು ಆರಿಸುವುದಿಲ್ಲ. ಶವರಿನ ನೀರು ಸಿಡಿಯುವ ದೂರದಲ್ಲಿದ್ದರೆ ಐಪಿಎಕ್ಸ್4 ಅನ್ನುವ ಗುರುತು ಬೇಕು, ಎಲ್ಲಾ ಕಡೆಯಿಂದ ಸಿಡಿಯುವ ನೀರನ್ನು ತಡೆದುಕೊಳ್ಳುತ್ತದೆ ಅನ್ನುವುದಕ್ಕೆ ಅದು ಗುರುತು. ಶಾಫ್ಟ್ ಅಡ್ಡ ಮಲಗಿದ್ದರೆ ಬುಷ್ ಇರುವುದು ಸಾಕು. ಚಾವಣಿಗೆ ಹಾಕಿ ಶಾಫ್ಟ್ ಮೇಲೆ ಕೆಳಗೆ ನಿಲ್ಲುವುದಾದರೆ ಬಾಲ್ ಬೇರಿಂಗಿನದ್ದು ತೆಗೆದುಕೊಳ್ಳಿ. ನಿಂತ ಶಾಫ್ಟಿನಲ್ಲಿ ರೋಟರಿನ ಭಾರವೆಲ್ಲ ಒಂದೇ ತುದಿಯ ವಾಷರಿನ ಮೇಲೆ ಕೂರುತ್ತದೆ, ಬುಷ್ಷಿನ ಎಣ್ಣೆಯೂ ಬೇಗ ಕೆಳಗಿಳಿಯುತ್ತದೆ. ಅಕ್ಕನ ಮನೆಯದ್ದು ಚಾವಣಿಯ ಫ್ಯಾನು, ಹಾಗಾಗಿ ಬಾಲ್ ಬೇರಿಂಗಿನದ್ದನ್ನೇ ಹಾಕಿದೆವು.